ಬೆಳೆಯಬಾರದಿದ್ದ ಹುಡುಗ: ಕಾರಾಪುರದ ಸಾಬು, ಹಾಲಿವುಡ್‌ನ ಸಾಬು

ವಿಜಯದಶಮಿಯ ಮಧ್ಯಾಹ್ನ ಯಾದಗಿರಿ ಕಡೆಯ ನಮ್ಮ ಸೈದಾಪುರದ ಸ್ಟೇಷನ್ ರಸ್ತೆಯ ಹೋಟೆಲ್‌ಗಳಲ್ಲಿ ಟಿ.ವಿ. ಮುಂದೆ ಜನ ಸೇರುತ್ತಾರೆ. ಸಂಜೆ ಬನ್ನಿ ಕೊಟ್ಟು ತಗೊಳ್ಳಲು ಹೊರಡುವುದರೊಳಗೆ ಮೈಸೂರಿನ ಜಂಬೂ ಸವಾರಿ ನೋಡಿ ಮುಗಿಸಬೇಕು. ಅಂಬಾರಿ ಹೊತ್ತ ಆನೆ ಪರದೆಯ ಮೇಲೆ ಬಂದ ಕೂಡಲೇ ಅದರ ಹೆಸರು ಕೂಗುವವರು ಹತ್ತು ಮಂದಿ. ಅದರ ತೂಕ ಎಷ್ಟು, ಎಷ್ಟನೇ ಸಲ ಹೊರುತ್ತಿದೆ, ಅದಕ್ಕೂ ಮುಂಚೆ ಹೊರುತ್ತಿದ್ದ ಆನೆ ಯಾವುದು ಎಂಬುದೆಲ್ಲ ಬಾಯಿಪಾಠ. ಆನೆಯ ಕತ್ತಿನ ಮೇಲೆ, ಎರಡು ಕಿವಿಗಳ ಹಿಂದೆ ಕಾಲ್ಬೆರಳು ಒತ್ತಿ ಕೂತ ಮಾವುತನ ಹೆಸರು ಕೇಳಿದರೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಅದೇ ಜಾಗದಲ್ಲಿ ಕೂತು ಬೆಳೆದ ಮೈಸೂರು ಸೀಮೆಯ ಹುಡುಗನೊಬ್ಬನ ಹೆಸರು ಒಂದು ಕಾಲಕ್ಕೆ ಲಂಡನ್ನಿನ ಚಿತ್ರಮಂದಿರಗಳ ಮೇಲೆ ದಪ್ಪಕ್ಷರದಲ್ಲಿ ಬೆಳಗುತ್ತಿತ್ತು. ಹಾಲಿವುಡ್ ಬೀದಿಯ ಪಾದಚಾರಿ ಮಾರ್ಗದಲ್ಲಿ, ತಾರೆಯರ ಹೆಸರು ಕೆತ್ತಿದ ನಕ್ಷತ್ರಗಳ ನಡುವೆ ಅವನ ಹೆಸರಿನ ನಕ್ಷತ್ರವೂ 1960ರಿಂದ ಇದೆ. ಅಲ್ಲಿ ಬರೆದಿರುವುದು ಸಾಬು ಎಂಬ ಎರಡೇ ಅಕ್ಷರ. ‘ಮೈಸೂರಿನ ಆನೆ ಹುಡುಗ ಇಂಗ್ಲಿಷ್ ಸಿನಿಮಾದಲ್ಲಿ ಇದ್ದನಂತೆ’ ಎಂಬಷ್ಟನ್ನು ನಮ್ಮಲ್ಲಿ ಅನೇಕರು ಕೇಳಿರುತ್ತಾರೆ. ಅವನು ಅಷ್ಟು ಬೇಗ ಮೇಲೇರಿದ್ದು ಹೇಗೆ, ಅಷ್ಟೇ ಬೇಗ ಕೆಳಗಿಳಿದದ್ದು ಏಕೆ ಎಂಬ ಕಥೆ ಅದಕ್ಕಿಂತ ದೊಡ್ಡದು. ಅದು ಒಬ್ಬ ನಟನ ಹಣೆಬರಹವಷ್ಟೇ ಆಗಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಲಾಯದ ಅನ್ನ

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಕಬಿನಿ ತೀರದ ಕಾಡಂಚಿನ ಊರು ಅದು. ಮಹಾರಾಜರ ಬೇಟೆ ಬಂಗಲೆ ಇದ್ದದ್ದು ಅಲ್ಲಿಯೇ. ಕಾಡಾನೆಗಳನ್ನು ಖೆಡ್ಡಾಕ್ಕೆ ಕೆಡವುತ್ತಿದ್ದ ಕಾಕನಕೋಟೆ ಅಲ್ಲಿಗೆ ಹತ್ತಿರ. ಈಗ ಪ್ರವಾಸಿಗರು ಜೀಪಿನಲ್ಲಿ ಕೂತು ಹುಲಿ ಹುಡುಕುವ ಸೀಮೆ.

ತಂದೆ ಮಹಾರಾಜರ ಆನೆ ಲಾಯದಲ್ಲಿ ಮಾವುತ. ತಾಯಿ ಬೇಗ ತೀರಿಕೊಂಡರು. ತಂದೆಯೂ ಹೋದ ಮೇಲೆ, ಇನ್ನೂ ಹತ್ತು ತುಂಬದ ಹುಡುಗ ಲಾಯದ ಆಶ್ರಯಕ್ಕೆ ಬಿದ್ದ. ಅಣ್ಣನೊಬ್ಬನಿದ್ದ, ಶೇಖ್ ದಸ್ತಗೀರ್. ನಮ್ಮ ಯಾದಗಿರಿ, ಸುರಪುರದ ಕಡೆ ದಸ್ತಗೀರ್‌ಸಾಬ್ ಇಲ್ಲದ ಓಣಿ ಸಿಗುವುದು ಕಷ್ಟ. ಅಷ್ಟು ಬಳಕೆಯ ಹೆಸರು. ಮುಂದೆ ತಮ್ಮನ ಹೆಸರಿನ ಜೊತೆಗೂ ಅದೇ ಸೇರಿಕೊಂಡು, ಚರಿತ್ರೆಯ ಪುಸ್ತಕಗಳಲ್ಲಿ ಅವನು ಸಾಬು ದಸ್ತಗೀರ್ ಆದ.

ಮಾವುತರ ಮಕ್ಕಳು ಆನೆಯ ಕೆಲಸ ಕಲಿಯುವುದು ಹೇಳಿಸಿಕೊಂಡಲ್ಲ. ಮೈ ಉಜ್ಜುವುದು, ಸೊಪ್ಪು ಹಾಕುವುದು, ಮುದ್ದೆ ತಿನ್ನಿಸುವುದು, ಸೊಂಡಿಲ ಮೇಲೆ ಕಾಲಿಟ್ಟು ತಲೆ ಹತ್ತುವುದು, ಎಲ್ಲವೂ ಆಟದ ಜೊತೆಗೇ ಬರುತ್ತದೆ. ದೊಡ್ಡ ಪ್ರಾಣಿಯ ಪಕ್ಕದಲ್ಲಿ ಅಂಜಿಕೆಯಿಲ್ಲದೆ ಓಡಾಡುವ ಮೈಗುಣ ಅದು. ಯಾವ ನಾಟಕಶಾಲೆಯೂ ಅದನ್ನು ಕಲಿಸಲಾರದು. ಕ್ಯಾಮೆರಾ ಕಣ್ಣಿಗೆ ಮೊದಲು ಬಿದ್ದದ್ದೂ ಅದೇ.

ಮೈಸೂರಿಗೆ ಬಂದ ಕ್ಯಾಮೆರಾ

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದರು. ಹಿಮಪ್ರದೇಶದ ಜನರ ಬದುಕಿನ ಬಗ್ಗೆ 1922ರಲ್ಲಿ ‘ನಾನೂಕ್ ಆಫ್ ದ ನಾರ್ತ್’ ಮಾಡಿ, ಸಾಕ್ಷ್ಯಚಿತ್ರಗಳ ಪಿತಾಮಹ ಎನಿಸಿಕೊಂಡವರು. ಅವರನ್ನು ಕಳಿಸಿದ್ದು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ. ರಡ್ಯಾರ್ಡ್ ಕಿಪ್ಲಿಂಗ್ ಬರೆದ, ಆನೆಗಳ ಟೂಮಾಯ್ ಎಂಬ ಪುಟ್ಟ ಮಾವುತನ ಕಥೆಯನ್ನು ಸಿನಿಮಾ ಮಾಡಬೇಕಿತ್ತು.

ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅರಮನೆಯ ಆನೆಗಳೂ ಕಾಡೂ ಚಿತ್ರತಂಡಕ್ಕೆ ಒದಗಿದವು. ಫ್ಲಾಹರ್ಟಿ ಕುಟುಂಬ ಇಳಿದುಕೊಂಡದ್ದು ಮೈಸೂರಿನ ಚಿತ್ತರಂಜನ್ ಮಹಲ್‌ನಲ್ಲಿ. ಮುಂದೆ 1954ರಲ್ಲಿ ಕನ್ನಡ ಚಿತ್ರಗಳ ತವರಾದ ಪ್ರೀಮಿಯರ್ ಸ್ಟುಡಿಯೊ ಅಲ್ಲೇ ಶುರುವಾಯಿತು. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ತೆರೆ ಕಂಡು ಆಗಿನ್ನೂ ಒಂದು ವರ್ಷವಾಗಿತ್ತಷ್ಟೇ ಎಂಬುದನ್ನು ನೆನೆದರೆ, ಆ ಕಾಲ ಎಂಥದಿತ್ತು ಎಂದು ಅಂದಾಜಾಗುತ್ತದೆ.

ಟೂಮಾಯ್ ಪಾತ್ರಕ್ಕೆ ಹುಡುಗನ ಹುಡುಕಾಟ ನಡೆದಾಗ ಲಾಯದ ಸಾಬು ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲ್ ಕಣ್ಣಿಗೆ ಬಿದ್ದ. ವಯಸ್ಸು ಹನ್ನೊಂದು. ಜೊತೆಗೆ ನಟಿಸಬೇಕಿದ್ದ ಆನೆ ಐರಾವತ, ಅರಮನೆಯದೇ ಭಾರಿ ಗಂಡಾನೆ.

ಫ್ಲಾಹರ್ಟಿ ತಿಂಗಳುಗಟ್ಟಲೆ ಚಿತ್ರೀಕರಿಸಿದರು. ಕಾಡು, ಹೊಳೆ, ಖೆಡ್ಡಾ, ಆನೆಹಿಂಡು ಯಾವುದನ್ನೂ ಬಿಡಲಿಲ್ಲ. ಅತ್ತ ಲಂಡನ್‌ನಲ್ಲಿ ಕೊರ್ಡಾಗೆ ಕಥೆಯೇ ಕಾಣಿಸುತ್ತಿಲ್ಲವೆಂದು ಚಡಪಡಿಕೆ. ಕೊನೆಗೆ ತಮ್ಮ ಝೋಲ್ಟನ್ ಕೊರ್ಡಾನನ್ನು ಸಹನಿರ್ದೇಶಕನನ್ನಾಗಿ ಹಾಕಿ, ಸಾಬುವನ್ನೂ ಅಣ್ಣನನ್ನೂ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕರೆಸಿಕೊಂಡರು. ಉಳಿದ ದೃಶ್ಯಗಳು ಡೆನ್‌ಹ್ಯಾಮ್ ಸ್ಟುಡಿಯೊದಲ್ಲಿ ತಯಾರಾದವು. ಹುಡುಗ ಇಂಗ್ಲಿಷ್ ಕಲಿತ.

‘ಎಲಿಫೆಂಟ್ ಬಾಯ್’ 1937ರಲ್ಲಿ ಬಿಡುಗಡೆಯಾಯಿತು. ಇಂದು ನೋಡಿದರೆ ಅದರಲ್ಲಿ ಎರಡು ಸಿನಿಮಾ ಬೆರೆತಿರುವುದು ಎದ್ದು ಕಾಣುತ್ತದೆ. ಸ್ಟುಡಿಯೊ ಒಳಗಿನ ದೃಶ್ಯಗಳಲ್ಲಿ ದೊಡ್ಡವರು ಬಿಗಿಯಾಗಿ ನಿಂತು ಸಂಭಾಷಣೆ ಒಪ್ಪಿಸುತ್ತಾರೆ. ಹೊಳೆಯ ದಂಡೆಗೆ ಬಂದರೆ ಬೇರೆಯೇ ಲೋಕ. ಹುಡುಗ ನೀರಿನಲ್ಲಿ ಮಲಗಿದ ಆನೆಯ ಮೇಲೆ ಓಡಾಡುತ್ತ ಮೈ ತಿಕ್ಕುತ್ತಾನೆ, ಗದರುತ್ತಾನೆ, ಮುದ್ದು ಮಾಡುತ್ತಾನೆ. ಅಲ್ಲಿ ನಟನೆ ಎಲ್ಲಿ ಮುಗಿದು ದಿನಚರಿ ಎಲ್ಲಿ ಶುರುವಾಯಿತೆಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ವೆನಿಸ್ ಚಿತ್ರೋತ್ಸವ ಆ ವರ್ಷದ ನಿರ್ದೇಶನ ಪ್ರಶಸ್ತಿಯನ್ನು ಆ ಚಿತ್ರಕ್ಕೆ ಕೊಟ್ಟಿತು. ಜನರ ಪ್ರಶಸ್ತಿ ಹುಡುಗನಿಗೆ ಸಿಕ್ಕಿತು.

ನಗಾರಿಯ ಅಪಸ್ವರ

ಮರುವರ್ಷವೇ ಬಣ್ಣದ ಚಿತ್ರ ‘ದ ಡ್ರಮ್’. ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷರಿಗೆ ನಿಷ್ಠನಾದ ರಾಜಕುಮಾರ ಅಜೀಮ್ ಆಗಿ ಸಾಬು. ಬ್ರಿಟಿಷರ ವಿರುದ್ಧ ನಿಂತ ಖಳ ರಾಜನ ಪಾತ್ರಕ್ಕೆ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ರೇಮಂಡ್ ಮ್ಯಾಸಿ. ಸಾಮ್ರಾಜ್ಯವನ್ನು ಹೊಗಳುವ ಈ ಕಥೆ ಲಂಡನ್‌ನಲ್ಲಿ ಓಡಿತು, 1938ರಲ್ಲಿ ಮುಂಬೈಗೆ ಬಂದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. ಚಿತ್ರವನ್ನು ಹಿಂದಕ್ಕೆ ಪಡೆಯಬೇಕಾಯಿತು. ಸ್ವಾತಂತ್ರ್ಯ ಹೋರಾಟ ಕಾವೇರಿದ ನಾಡು ತನ್ನ ಹುಡುಗನನ್ನು ಆ ವೇಷದಲ್ಲಿ ನೋಡಲು ಒಪ್ಪಲಿಲ್ಲ. ಹದಿನಾಲ್ಕರ ಹುಡುಗನಿಗೆ ಆ ರಾಜಕೀಯ ಎಷ್ಟು ತಿಳಿದಿದ್ದೀತು? ಆದರೂ ಅವನ ಕಥೆ ಮುಂದೆ ಹಿಡಿದ ದಾರಿಗೆ ಇದು ಮೊದಲ ಸೂಚನೆ. ಅವನಿಗೆ ಅನ್ನ ಕೊಡುತ್ತಿದ್ದ ಕಥೆಗಳೆಲ್ಲ ಸಾಮ್ರಾಜ್ಯದ ಕಥೆಗಳಾಗಿದ್ದವು, ಆ ಸಾಮ್ರಾಜ್ಯಕ್ಕೆ ಆಯುಸ್ಸು ಹೆಚ್ಚಿರಲಿಲ್ಲ.

ಬಾಗ್ದಾದಿನ ಕಳ್ಳ

ಸಾಬುವಿನ ಶಿಖರ 1940ರ ‘ದ ಥೀಫ್ ಆಫ್ ಬಾಗ್ದಾದ್’. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ ಎರಡನೇ ಮಹಾಯುದ್ಧ ಶುರುವಾಯಿತು. ಅರ್ಧಕ್ಕೆ ನಿಂತ ಕೆಲಸ ಮುಗಿಸಲು ಕೊರ್ಡಾ ತಂಡವನ್ನು ಅಮೆರಿಕಕ್ಕೆ ಕರೆದೊಯ್ದರು. ಗ್ರ್ಯಾಂಡ್ ಕ್ಯಾನ್ಯನ್‌ನ ಕೆಂಪು ಕಣಿವೆಗಳು ಅರೇಬಿಯಾ ಆದವು. ಸಾಬು ಅಮೆರಿಕ ಸೇರಿದ್ದು ಹೀಗೆ, ಯುದ್ಧ ತಳ್ಳಿದ ದಿಕ್ಕಿಗೆ. ಅಲ್ಲಿಂದಾಚೆಗೆ ಅವನ ಮನೆ ಅಲ್ಲೇ ಆಯಿತು.

ಚಿತ್ರಕ್ಕೆ ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಬಂದವು. ಹಾರುವ ಕುದುರೆ, ಹಾರುವ ಚಾಪೆ, ಸೀಸೆಯಿಂದ ಹೊಗೆಯಾಗಿ ಎದ್ದು ಬರುವ ದೈತ್ಯ, ಇಷ್ಟೆಲ್ಲ ತಂತ್ರದ ನಡುವೆಯೂ ಕಣ್ಣು ಹೋಗುವುದು ಅಬು ಎಂಬ ಕಳ್ಳ ಹುಡುಗನ ಮೇಲೆಯೇ. ಸೀಸೆಯಿಂದ ಹೊರಬಂದ ದೈತ್ಯ ಅವನನ್ನು ತುಳಿದುಹಾಕಲು ಕಾಲೆತ್ತುತ್ತಾನೆ. ‘ಇಷ್ಟು ದೊಡ್ಡವ ಈ ಸಣ್ಣ ಸೀಸೆಯಲ್ಲಿ ಇದ್ದೆ ಎಂದರೆ ಯಾರು ನಂಬುತ್ತಾರೆ’ ಎಂಬ ಧಾಟಿಯಲ್ಲಿ ಹುಡುಗ ಕೆಣಕುತ್ತಾನೆ. ಹುಂಬ ದೈತ್ಯ ತೋರಿಸಲು ಹೋಗಿ ಮತ್ತೆ ಒಳಗೆ ಸೇರುತ್ತಾನೆ, ಹುಡುಗ ಬಿರಡೆ ಜಡಿಯುತ್ತಾನೆ. ನಮ್ಮ ಅಜ್ಜಿಯರು ಹೇಳುವ ಕಥೆಗಳ ಜಾಣ ಹುಡುಗ ಇವನೇ. ಭಯವನ್ನು ಬಾಯಿಯ ಚುರುಕಿನಿಂದ ಗೆಲ್ಲುವವನ ಕಣ್ಣಿನ ಹೊಳಪನ್ನು ಸಾಬುವಿನಷ್ಟು ಸರಾಗವಾಗಿ ತಂದ ಬಾಲನಟರು ತೀರ ಕಡಿಮೆ.

ಚಿತ್ರದ ಕೊನೆಯನ್ನು ಗಮನವಿಟ್ಟು ನೋಡಬೇಕು. ಸಿಂಹಾಸನ ಮರಳಿ ಪಡೆದ ಗೆಳೆಯ ರಾಜ, ಅಬುವನ್ನು ಓದಿಸಿ ಮುಂದೆ ವಜೀರನನ್ನಾಗಿ ಮಾಡುವುದಾಗಿ ಸಾರುತ್ತಾನೆ. ಶಾಲೆಯ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗ ಚಾಪೆಯೇರಿ ಆಕಾಶಕ್ಕೆ ಹಾರಿಬಿಡುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಅವರಿಗೆ ಬೇಕಾದದ್ದು ಬೆಳೆಯದ, ವಜೀರನಾಗದ, ಮೈಮೇಲೆ ಅಂಗಿಯಿಲ್ಲದೆ ನಗುತ್ತ ಓಡುವ ಅಬು. ಸಾಬು ಆಗಲೇ ಹದಿನಾರರ ಯುವಕ.

ಮೋಗ್ಲಿ, ಮತ್ತು ಸ್ಟುಡಿಯೊ ಚೀಟಿ

1942ರಲ್ಲಿ ಝೋಲ್ಟನ್ ಕೊರ್ಡಾ ನಿರ್ದೇಶನದ ‘ಜಂಗಲ್ ಬುಕ್’ ಬಂತು. ಡಿಸ್ನಿಯ ಕಾರ್ಟೂನ್ ಮೋಗ್ಲಿ ಬಂದದ್ದು 1967ರಲ್ಲಿ. ಅದಕ್ಕೆ ಇಪ್ಪತ್ತೈದು ವರ್ಷ ಮೊದಲೇ ತೆರೆಯ ಮೇಲೆ ತೋಳಗಳ ಮಗನಾಗಿ ಓಡಿದ್ದು ಕಾರಾಪುರದ ಸಾಬು. ಆ ಚಿತ್ರದ ಸಂಗೀತವನ್ನು ಸಾಬುವಿನ ಕಥನದ ದನಿಯೊಂದಿಗೆ ಗ್ರಾಮಫೋನ್ ತಟ್ಟೆಗಳಾಗಿ ಮಾರಿದರು. ಅಮೆರಿಕದ ಚಿತ್ರವೊಂದರ ಹಿನ್ನೆಲೆ ಸಂಗೀತ ಹಾಗೆ ಅಂಗಡಿಗೆ ಬಂದದ್ದು ಅದೇ ಮೊದಲು.

ಆಮೇಲೆ ಸಾಬು ಯೂನಿವರ್ಸಲ್ ಸ್ಟುಡಿಯೊದ ಒಪ್ಪಂದಕ್ಕೆ ಒಳಪಟ್ಟರು. ಇಲ್ಲಿ ಒಂದು ಕ್ಷಣ ನಿಂತು, ಆ ಕಾಲದ ಹಾಲಿವುಡ್ ಹೇಗೆ ನಡೆಯುತ್ತಿತ್ತು ಎಂದು ನೋಡಬೇಕು. ಅಂದಿನ ತಾರೆಯರು ಇಂದಿನವರಂತೆ ಕಥೆ ಕೇಳಿ, ಒಪ್ಪಿ, ಕಾಲ್‌ಶೀಟ್ ಕೊಡುವವರಲ್ಲ. ಸ್ಟುಡಿಯೊ ಜೊತೆ ವರ್ಷಗಟ್ಟಲೆಯ ಕರಾರು, ವಾರದ ಸಂಬಳ. ಯಾವ ಚಿತ್ರ, ಯಾವ ಪಾತ್ರ, ಬೇರೆ ಸ್ಟುಡಿಯೊಗೆ ಎರವಲು ಕೊಡಬೇಕೇ ಬೇಡವೇ, ಎಲ್ಲವೂ ಮಾಲೀಕರ ತೀರ್ಮಾನ. ನಮ್ಮ ವೃತ್ತಿ ನಾಟಕ ಕಂಪನಿಗಳಲ್ಲಿ ರಾಜಾಪಾರ್ಟಿನವನು ಕೊನೆತನಕ ರಾಜನೇ, ಹಾಸ್ಯದವನು ಕೊನೆತನಕ ಹಾಸ್ಯದವನೇ ಆಗಿರುತ್ತಿದ್ದನಲ್ಲ, ಹೆಚ್ಚುಕಡಿಮೆ ಹಾಗೆ. ಜನ ಒಮ್ಮೆ ಮೆಚ್ಚಿದ ಪಡಿಯಚ್ಚನ್ನು ಸವೆಯುವವರೆಗೂ ಒತ್ತುವುದೇ ಲಾಭದ ದಾರಿ.

ಯೂನಿವರ್ಸಲ್‌ನಲ್ಲಿ ಸಾಬುವಿನ ಅಚ್ಚು ಯಾವುದೆಂದು ಮೂರೇ ಚಿತ್ರಗಳಲ್ಲಿ ತಿಳಿದುಹೋಯಿತು: ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸಾವೇಜ್’ (1943), ‘ಕೋಬ್ರಾ ವುಮನ್’ (1944). ಮೂರರಲ್ಲೂ ನಾಯಕಿ ಮಾರಿಯಾ ಮಾಂಟೆಝ್, ನಾಯಕ ಜಾನ್ ಹಾಲ್. ಪ್ರೀತಿ ಅವರಿಬ್ಬರದು. ಅವರನ್ನು ಕೂಡಿಸುವುದು, ಗುಟ್ಟು ತಿಳಿದುಕೊಂಡು ಬರುವುದು, ಬಂಧನ ಬಿಡಿಸುವುದು ಸಾಬುವಿನ ಕೆಲಸ. ‘ಬಾಗ್ದಾದ್’ನಲ್ಲಿ ಕಥೆಯನ್ನೇ ಹೆಗಲ ಮೇಲೆ ಹೊತ್ತವನು ಇಲ್ಲಿ ನಾಯಕನ ಬಂಟನಾದ.

ಮೈಬಣ್ಣದ ಬೇಲಿ

ಪ್ರೀತಿಯ ಪಾತ್ರ ಸಾಬುವಿಗೇಕೆ ಬರಲಿಲ್ಲ? 1934ರಿಂದ ಹಾಲಿವುಡ್ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ನೀತಿಸಂಹಿತೆಯೊಂದಿತ್ತು, ‘ಹೇಸ್ ಕೋಡ್’ ಎಂದೇ ಹೆಸರು. ಬಿಳಿಯರು ಮತ್ತು ಕರಿಯರ ನಡುವಿನ ಪ್ರಣಯವನ್ನು ಅದು ಅಕ್ಷರಶಃ ನಿಷೇಧಿಸಿತ್ತು. ಆಚರಣೆಯಲ್ಲಿ ಏಷ್ಯಾದ ನಟನಟಿಯರ ಮೇಲೂ ಅದರ ನೆರಳು ಬಿತ್ತು. ಚೀನೀ ಮೂಲದ ಅಮೆರಿಕನ್ ನಟಿ ಅನ್ನಾ ಮೇ ವಾಂಗ್‌ಗೆ 1937ರ ‘ದ ಗುಡ್ ಅರ್ತ್’ನ ಚೀನೀ ನಾಯಕಿಯ ಪಾತ್ರವೇ ತಪ್ಪಿತು. ನಾಯಕ ಬಿಳಿಯ, ಹಾಗಾಗಿ ಚೀನೀ ಹೆಂಡತಿಯಾಗಿ ನಟಿಸುವವಳೂ ಬಿಳಿಯಳೇ ಆಗಬೇಕಿತ್ತು!

ಇದಕ್ಕಿಂತ ಮನಸ್ಸು ಕಲಕುವ ಹೋಲಿಕೆ ಸಾಬುವಿನ ಪಕ್ಕದಲ್ಲೇ ಇತ್ತು. ಕೊರ್ಡಾ ಬೆಳೆಸಿದ ಇನ್ನೊಬ್ಬ ತಾರೆ ಮರ್ಲ್ ಒಬೆರಾನ್. 1939ರಲ್ಲಿ ಕೊರ್ಡಾ ಆಕೆಯನ್ನು ಮದುವೆಯೂ ಆದರು. ಆಕೆ ಹುಟ್ಟಿದ್ದು 1911ರಲ್ಲಿ ಮುಂಬೈಯಲ್ಲಿ, ತಾಯಿಯ ಕಡೆಯಿಂದ ದಕ್ಷಿಣ ಏಷ್ಯಾದ ರಕ್ತ. ಆದರೆ ಲೋಕಕ್ಕೆ ಹೇಳಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದೆ ಎಂದು. ಆ ಸುಳ್ಳನ್ನು ಜೀವಮಾನವಿಡೀ ಕಾಪಾಡಿಕೊಂಡರು. 1979ರಲ್ಲಿ ತೀರಿಕೊಂಡ ಮೇಲಷ್ಟೇ ನಿಜ ಎಲ್ಲರಿಗೂ ತಿಳಿದದ್ದು. ಬಿಳಿಯಳೆಂದು ನಂಬಿಸಿದ್ದರಿಂದ ಆಕೆಗೆ ನಾಯಕಿಯ ಪಾತ್ರಗಳು ಸಿಕ್ಕವು, ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಸಾಬುವಿಗೆ ಮರೆಮಾಚಲು ಏನೂ ಇರಲಿಲ್ಲ. ಭಾರತದ ಹುಡುಗ ಎಂಬುದನ್ನೇ ಸ್ಟುಡಿಯೊ ಮಾರುತ್ತಿತ್ತು. ಒಂದೇ ನಿರ್ಮಾಪಕ, ಒಂದೇ ದೇಶದ ಮಣ್ಣು, ಎರಡು ದಾರಿ. ಹೇಳದೆ ಬದುಕಿದ ಆಕೆಯ ಸಂಕಟ ಕಡಿಮೆಯೇನಲ್ಲ. ಆದರೆ ಹಾಲಿವುಡ್‌ನಲ್ಲಿ ಭಾರತೀಯರೊಬ್ಬರು ದೊಡ್ಡವರಾಗಿ ಬೆಳೆಯಲು ಭಾರತೀಯರಾಗಿರಬಾರದಿತ್ತು ಎಂಬುದನ್ನು ಇವರಿಬ್ಬರ ಬದುಕು ಜೊತೆಜೊತೆಯಾಗಿ ತೋರಿಸಿಕೊಡುತ್ತದೆ.

ಯುದ್ಧವಿಮಾನದ ಬಾಲದಲ್ಲಿ

1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದರು. ಆಗ ಭಾರತೀಯರಿಗೆ ಅಲ್ಲಿನ ಪೌರತ್ವ ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. 1923ರ ಸುಪ್ರೀಂ ಕೋರ್ಟ್ ತೀರ್ಪೊಂದು ಬಾಗಿಲು ಮುಚ್ಚಿತ್ತು, ಅದು ಕಾನೂನಿನ ಮೂಲಕ ತೆರೆದದ್ದು 1946ರಲ್ಲಿ. ಯುದ್ಧಕಾಲದಲ್ಲಿ ಸೇನೆ ಸೇರಿದವರಿಗೆ ಮಾತ್ರ ವಿನಾಯಿತಿ ಇತ್ತು.

ಹೆಸರಾಂತ ನಟರು ಅನೇಕರು ಪ್ರಚಾರ ಚಿತ್ರಗಳಲ್ಲಿ, ಮನರಂಜನೆ ತಂಡಗಳಲ್ಲಿ ಯುದ್ಧಸೇವೆ ಮುಗಿಸಿದರು. ಸಾಬು ವಾಯುಪಡೆಯ ಬಿ-24 ಬಾಂಬರ್ ವಿಮಾನದಲ್ಲಿ ಬಾಲದ ಕಡೆಯ ಬಂದೂಕುಗಾರನಾದರು. ವಿಮಾನದ ಹಿಂತುದಿಯ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತು, ಬೆನ್ನಟ್ಟಿ ಬರುವ ವೈರಿ ವಿಮಾನಗಳ ಮೇಲೆ ಗುಂಡು ಹಾರಿಸುವ ಕೆಲಸ. ಪೆಸಿಫಿಕ್ ರಣರಂಗದಲ್ಲಿ ಹತ್ತಾರು ಸಲ ಹಾಗೆ ಹಾರಿದರು. ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಬಂತು. ಕೌಪೀನದ ಹುಡುಗ ಎಂದು ಲೋಕ ನಂಬಿದ್ದವನು ಯೋಧನಾಗಿ, ಗಂಡಸಾಗಿ ಮರಳಿದ. ಇದೇ ದೊಡ್ಡ ಕಥೆಯಾಗಬಹುದಿತ್ತು, ಅದನ್ನು ಸಿನಿಮಾ ಮಾಡುವುದು ಯಾರಿಗೂ ಬೇಡವಾಯಿತು. ಸ್ಟುಡಿಯೊ 1946ರಲ್ಲಿ ಕೊಟ್ಟದ್ದು ‘ಟ್ಯಾಂಜಿಯರ್’ ಎಂಬ ಕಪ್ಪುಬಿಳುಪಿನ ಗೂಢಚಾರಿ ಚಿತ್ರದಲ್ಲಿ ಪಕ್ಕದ ಪಾತ್ರ.

ಒಂದೇ ಒಂದು ಕಿಟಕಿ

ಯುದ್ಧಾನಂತರದ ಸಾಬು ಎಂಥ ನಟರಾಗಬಲ್ಲವರಾಗಿದ್ದರು ಎಂಬುದಕ್ಕೆ ಸಾಕ್ಷಿ 1947ರ ‘ಬ್ಲ್ಯಾಕ್ ನಾರ್ಸಿಸಸ್’. ಮೈಕೇಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಈ ಚಿತ್ರದಲ್ಲಿ ಕ್ರೈಸ್ತ ಸನ್ಯಾಸಿನಿಯರು ಹಿಮಾಲಯದ ಹಳೆಯ ಅರಮನೆಯೊಂದರಲ್ಲಿ ಶಾಲೆ, ಆಸ್ಪತ್ರೆ ನಡೆಸಲು ಬಂದು, ಮನಸ್ಸು ಕದಡಿ ಹಿಂತಿರುಗುತ್ತಾರೆ. ಹಿಮಾಲಯವನ್ನೆಲ್ಲ ಇಂಗ್ಲೆಂಡಿನ ಸ್ಟುಡಿಯೊದೊಳಗೆ ಬಣ್ಣ ಬಳಿದು ಕಟ್ಟಿದ್ದರು. ಜ್ಯಾಕ್ ಕಾರ್ಡಿಫ್‌ಗೆ ಛಾಯಾಗ್ರಹಣದ ಆಸ್ಕರ್ ಬಂದದ್ದು ಇದಕ್ಕೇ.

ಸಾಬು ಇಲ್ಲಿ ಕಿರಿಯ ಜನರಲ್, ಆ ಸೀಮೆಯ ದೊರೆಯ ಉತ್ತರಾಧಿಕಾರಿ. ಕಸೂತಿಯ ನಿಲುವಂಗಿ, ಮುತ್ತುರತ್ನ, ಲಂಡನ್ನಿನ ಅಂಗಡಿಯಿಂದ ತರಿಸಿದ ಸುಗಂಧ. ಚಿತ್ರಕ್ಕೆ ಹೆಸರು ಬಂದದ್ದು ಆ ಸುಗಂಧದಿಂದಲೇ. ಹೆಣ್ಣುಮಕ್ಕಳ ಶಾಲೆಗೆ ಬಂದು, ತನಗೂ ಗಣಿತ, ಭಾಷೆ ಎಲ್ಲ ಕಲಿಸಿ ಎಂದು ಕೇಳುವ ಅವರ ಉತ್ಸಾಹದಲ್ಲಿ ಹಳೆಯ ಅಬುವಿನ ಮಿಂಚಿದೆ. ಅದರ ಮೇಲೆ ದೊಡ್ಡವನ ಹಮ್ಮು, ನಾಚಿಕೆ, ಆಸೆಗಳ ತೆಳು ಪದರವೂ ಕೂತಿದೆ. ಆ ಹುಡುಗನನ್ನು ಗಂಡಸಾಗಿ ನೋಡಲು ಒಬ್ಬ ನಿರ್ದೇಶಕ ಮನಸ್ಸು ಮಾಡಿದ್ದು ಇಲ್ಲಿ. ಅವರು ಮನಸೋಲುವ ಬೆಟ್ಟದ ಹುಡುಗಿ ಕಾಂಚಿಯ ಪಾತ್ರದಲ್ಲಿ ಮಾತ್ರ ಮೈಗೆ ಕಂದು ಬಣ್ಣ ಹಚ್ಚಿಕೊಂಡ ಇಂಗ್ಲಿಷ್ ನಟಿ ಜೀನ್ ಸಿಮನ್ಸ್.

ಅದೇ ವರ್ಷ ಆಗಸ್ಟ್‌ನಲ್ಲಿ ಭಾರತ ಸ್ವತಂತ್ರವಾಯಿತು.

ಇಳಿಜಾರು

ಅಲ್ಲಿಂದ ಇಳಿಕೆ ವೇಗವಾಗಿಯೇ ನಡೆಯಿತು. ಜಿಮ್ ಕಾರ್ಬೆಟ್‌ರ ಪುಸ್ತಕದ ಹೆಸರು ಹೊತ್ತ ‘ಮ್ಯಾನ್‌ಈಟರ್ ಆಫ್ ಕುಮಾವೂನ್’ (1948), ಕಾಡುಪ್ರಾಣಿಗಳನ್ನು ಕಾಪಾಡುವ ರಾಜಕುಮಾರನ ‘ಸಾಂಗ್ ಆಫ್ ಇಂಡಿಯಾ’ (1949), ಆಮೇಲೆ ಅಗ್ಗದ ಕಾಡಿನ ಸಿನಿಮಾಗಳ ಸಾಲು. ಮೊದಲ ದರ್ಜೆಯಿಂದ ಎರಡನೇ ದರ್ಜೆಗೆ, ಬಣ್ಣದಿಂದ ಕಪ್ಪುಬಿಳುಪಿಗೆ.

ಇದಕ್ಕೆ ಸಾಬು ಒಬ್ಬರನ್ನೇ ಹೊಣೆ ಮಾಡಿದರೆ ಅನ್ಯಾಯವಾಗುತ್ತದೆ. 1946ರಲ್ಲಿ ಅಮೆರಿಕದಲ್ಲಿ ವಾರಕ್ಕೆ ಸುಮಾರು 9 ಕೋಟಿ ಟಿಕೆಟ್ ಮಾರಾಟವಾಗುತ್ತಿತ್ತು. ಟಿ.ವಿ. ಮನೆಗೆ ಬಂದು ಕೆಲವೇ ವರ್ಷಗಳಲ್ಲಿ ಅದು ಅರ್ಧಕ್ಕೆ ಕುಸಿಯಿತು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ದೊಡ್ಡ ಸ್ಟುಡಿಯೊಗಳು ಚಿತ್ರಮಂದಿರಗಳ ಸರಪಳಿಯನ್ನೂ ಕೈಯಲ್ಲಿಟ್ಟುಕೊಳ್ಳುವುದು ಕಾನೂನುಬಾಹಿರ ಎಂದಿತು. ತಾವೇ ತಯಾರಿಸಿ ತಮ್ಮದೇ ಮಂದಿರದಲ್ಲಿ ಓಡಿಸುವ ಧೈರ್ಯ ಹೋದ ಮೇಲೆ ಸ್ಟುಡಿಯೊಗಳು ನಟರನ್ನು ಸಂಬಳಕ್ಕಿಟ್ಟುಕೊಳ್ಳುವುದನ್ನೇ ಕಡಿಮೆ ಮಾಡಿದವು. ದೊಡ್ಡ ದೊಡ್ಡ ಹೆಸರುಗಳೇ ಆ ಪ್ರವಾಹದಲ್ಲಿ ತೇಲಿಹೋದವು.

ಆದರೆ ಬಿಳಿಯ ನಟರಿಗೆ ದಡ ಸೇರಲು ದೋಣಿಗಳಿದ್ದವು. ವಯಸ್ಸಾದರೆ ತಂದೆಯ ಪಾತ್ರ, ಪೊಲೀಸ್ ಪಾತ್ರ, ಕೌಬಾಯ್ ಪಾತ್ರ, ಟಿ.ವಿ. ಧಾರಾವಾಹಿ. ಭಾರತೀಯನೊಬ್ಬ ವೈದ್ಯನೋ ವಕೀಲನೋ ನೆರೆಮನೆಯವನೋ ಆಗಿ ಬರುವ ಕಥೆ ಅಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಅವನಿಗಿದ್ದ ಒಂದೇ ಪಾತ್ರ ಆನೆಯ ಮೇಲಿನ ಹುಡುಗ. ಆ ಹುಡುಗನಿಗೆ ಈಗ ಮೀಸೆ ಬಂದಿತ್ತು. ಅವನನ್ನು ಆಳುವ ಸಾಹೇಬರ ಕಥೆಗಳೂ 1947ರ ನಂತರ ಮೆರುಗು ಕಳೆದುಕೊಂಡಿದ್ದವು.

ಮನ ನೋಯುವ ಉದಾಹರಣೆ 1957ರ ‘ಸಾಬು ಅಂಡ್ ದ ಮ್ಯಾಜಿಕ್ ರಿಂಗ್’. ಟಿ.ವಿ. ಸರಣಿಯಾಗಬೇಕಿದ್ದದ್ದು ಸಿನಿಮಾ ಆಗಿ ಬಂತು. ಪಾತ್ರದ ಹೆಸರೂ ಸಾಬು. ಕೆಲಸ, ಖಲೀಫನ ಲಾಯದ ಹುಡುಗ. ಮೂವತ್ತಮೂರರ ವಯಸ್ಸಿನಲ್ಲಿ, ಯುದ್ಧ ಮುಗಿಸಿ ಬಂದ, ಇಬ್ಬರು ಮಕ್ಕಳ ತಂದೆಯಾದ ನಟನಿಗೆ ಹಾಲಿವುಡ್ ಮತ್ತೆ ಲಾಯದ ಕೆಲಸವನ್ನೇ ಕೊಟ್ಟಿತು. ಅದಕ್ಕೂ ಮುಂಚೆ, ಐವತ್ತರ ದಶಕದ ಆರಂಭದಲ್ಲಿ ಇಟಲಿಗೆ ಹೋಗಿ ವಿಟ್ಟೋರಿಯೊ ಡಿ ಸಿಕಾ ಜೊತೆ ನಟಿಸಿದ ಚಿತ್ರದಲ್ಲೂ ಆನೆಯಿತ್ತು. ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಕೊಟ್ಟ ಪ್ರದರ್ಶನವೂ ಆನೆಗಳದೇ.

ಮುಂಬೈಯಲ್ಲಿ ತಪ್ಪಿದ ಪಾತ್ರ

ತವರಿನ ಸಿನಿಮಾ ಕೈ ಹಿಡಿಯಬಹುದಿತ್ತು. ‘ಮದರ್ ಇಂಡಿಯಾ’ ಯೋಜನೆಯಲ್ಲಿದ್ದ ಮೆಹಬೂಬ್ ಖಾನ್, ಬಿರ್ಜು ಪಾತ್ರಕ್ಕೆ ಮೊದಲು ನೆನೆದದ್ದು ಸಾಬುವನ್ನು. ಸಾಬು ಲಾಸ್ ಏಂಜಲೀಸ್‌ನಿಂದ ಮುಂಬೈಗೆ ಬಂದು ಕಾದರು. ಚಿತ್ರ ತಡವಾಯಿತು, ಮಾತು ಮುರಿಯಿತು. ಬಿರ್ಜು ಸುನಿಲ್ ದತ್ ಪಾಲಾಯಿತು. 1957ರಲ್ಲಿ, ಅಂದರೆ ಲಾಯದ ಹುಡುಗನಾಗಿ ಸಾಬು ಮತ್ತೆ ತೆರೆಗೆ ಬಂದ ವರ್ಷವೇ, ‘ಮದರ್ ಇಂಡಿಯಾ’ ದೇಶವನ್ನೇ ಅಳಿಸಿತು.

ಬಿರ್ಜು ಎಂದರೆ ತುಂಟ ಹುಡುಗ ಕೆರಳಿ ಬಂಡುಕೋರನಾಗುವ ಪಾತ್ರ. ಅಬುವಿನ ತುಂಟತನ, ಯೋಧನ ಸಿಟ್ಟು ಎರಡೂ ಇದ್ದ ನಟನಿಗೆ ಅದು ಹೇಳಿ ಮಾಡಿಸಿದಂತಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಸಾಬು ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ. ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಅವರ ಹೆಸರು ಕಾಣದಿರುವುದಕ್ಕೆ ಕಾರಣ ಇದೇ. ನಾವು ಸಿನಿಮಾ ಚರಿತ್ರೆಯನ್ನು ಭಾಷೆಯ ಲೆಕ್ಕದಲ್ಲಿ ಬರೆದುಕೊಂಡಿದ್ದೇವೆ. ಇಂಗ್ಲಿಷ್ ಮಾತಾಡಿದ ಮೈಸೂರಿನ ಹುಡುಗ ಆ ಲೆಕ್ಕದ ಯಾವ ಸಾಲಿಗೂ ಸೇರಲಿಲ್ಲ. ಅವನು ಹುಟ್ಟಿದಾಗ ಮೈಸೂರು ಒಡೆಯರದು, ನಮ್ಮ ಸೈದಾಪುರ ನಿಜಾಮರದು. ಎರಡೂ ಒಂದೇ ರಾಜ್ಯವಾದದ್ದು 1956ರಲ್ಲಿ. ಅಷ್ಟು ಹೊತ್ತಿಗೆ ಅವನ ಖ್ಯಾತಿ ಮುಗಿದುಹೋಗಿತ್ತು. ನಮ್ಮ ಕಡೆಯವರು ಅವನನ್ನು ‘ನಮ್ಮವ’ ಎನ್ನಲು ಸಮಯವೇ ಸಿಗಲಿಲ್ಲ.

ಚ್ಯಾಟ್ಸ್‌ವರ್ತ್‌ನ ಮನೆ

ಮನೆಯ ಮಟ್ಟಿಗೆ ಸಾಬು ನೆಲೆ ಕಂಡುಕೊಂಡಿದ್ದರು. ‘ಸಾಂಗ್ ಆಫ್ ಇಂಡಿಯಾ’ದ ಸೆಟ್ಟಿನಲ್ಲಿ ಪರಿಚಯವಾದ ಮರಿಲಿನ್ ಕೂಪರ್ ಅವರನ್ನು 1948ರಲ್ಲಿ ಮದುವೆಯಾದರು. ಮಗ ಪಾಲ್ ಮುಂದೆ ರಾಕ್ ಸಂಗೀತಗಾರನಾದ. ಮಗಳು ಜಾಸ್ಮಿನ್ ಸಿನಿಮಾಗಳಿಗೆ ಪ್ರಾಣಿಗಳನ್ನು ಪಳಗಿಸುವವಳಾದಳು. ಹೊಟ್ಟೆಪಾಡಿಗೆ ಸಾಬು ನಿವೇಶನ ವ್ಯವಹಾರಕ್ಕೆ ಕೈ ಹಾಕಿದರು. ಅಣ್ಣ ದಸ್ತಗೀರ್ ಪೀಠೋಪಕರಣಗಳ ಅಂಗಡಿ ನೋಡಿಕೊಳ್ಳುತ್ತಿದ್ದರು. 1960ರಲ್ಲಿ ಆ ಅಂಗಡಿಗೆ ನುಗ್ಗಿದ ದರೋಡೆಯಲ್ಲಿ ಅಣ್ಣ ಕೊಲೆಯಾದರು. ಕಾರಾಪುರದಿಂದ ಕೈ ಹಿಡಿದು ಜೊತೆಗೆ ಬಂದಿದ್ದ ಒಬ್ಬನೇ ರಕ್ತಸಂಬಂಧಿ.

1963ರ ‘ರಾಂಪೇಜ್’ ಚಿತ್ರದಲ್ಲಿ ರಾಬರ್ಟ್ ಮಿಚಮ್ ಜೊತೆ ಒಂದು ಪಾತ್ರ. ಅದಾದ ಮೇಲೆ ಡಿಸ್ನಿಯವರ ‘ಎ ಟೈಗರ್ ವಾಕ್ಸ್’ನಲ್ಲಿ, ತಪ್ಪಿಸಿಕೊಂಡ ಸರ್ಕಸ್ ಹುಲಿಯನ್ನು ಜೀವಂತ ಹಿಡಿಯಲು ಹೆಣಗುವ ಭಾರತೀಯ ಪಳಗಿಸುವವನ ಪಾತ್ರ. ಅದು ತೆರೆಗೆ ಬರುವ ಮುಂಚೆಯೇ, 1963ರ ಡಿಸೆಂಬರ್ 2ರಂದು, ಲಾಸ್ ಏಂಜಲೀಸ್‌ನ ಚ್ಯಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡರು. ವಯಸ್ಸು 39.

ಇಂದು ನೋಡುವವರಿಗೆ

ಸಾಬುವಿನ ಚಿತ್ರಗಳನ್ನು ನೋಡುವುದು ಈಗ ಕಷ್ಟವಲ್ಲ. 1942ರ ‘ಜಂಗಲ್ ಬುಕ್’ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಮಕ್ಕಳಿಗೆ ಅದರಿಂದಲೇ ಶುರು ಮಾಡಿಸಿ. ಮೋಗ್ಲಿ ಎಂದರೆ ಕಾರ್ಟೂನು ಎಂದುಕೊಂಡ ಮಕ್ಕಳು ನಮ್ಮದೇ ರಾಜ್ಯದ ಹುಡುಗನೊಬ್ಬ ಹಾವು, ಹುಲಿ, ಆನೆಗಳ ನಡುವೆ ಓಡುವುದನ್ನು ನೋಡಲಿ.

ದೊಡ್ಡವರು ‘ಎಲಿಫೆಂಟ್ ಬಾಯ್’, ‘ದ ಥೀಫ್ ಆಫ್ ಬಾಗ್ದಾದ್’, ‘ಬ್ಲ್ಯಾಕ್ ನಾರ್ಸಿಸಸ್’ ಮೂರನ್ನೂ ಇದೇ ಕ್ರಮದಲ್ಲಿ, ಹೆಚ್ಚು ಅಂತರ ಬಿಡದೆ ನೋಡಬೇಕು. ಮೊದಲನೆಯದರಲ್ಲಿ ಸ್ಟುಡಿಯೊ ದೃಶ್ಯಗಳು ಬೇಸರ ತಂದರೆ ಬಿಟ್ಟುಬಿಡಿ, ಹೊಳೆ ಮತ್ತು ಖೆಡ್ಡಾದ ಭಾಗಗಳನ್ನು ಬಿಡಬೇಡಿ. ಕಬಿನಿ ಅಣೆಕಟ್ಟೆಯ ನೀರು ಕಾಕನಕೋಟೆಯ ಆ ಹಳೆಯ ಕಾಡಿನ ಭಾಗವನ್ನು ಮುಳುಗಿಸುವ ಮೊದಲು ಅದು ಹೇಗಿತ್ತು ಎಂಬುದರ ಅಪರೂಪದ ದಾಖಲೆಯೂ ಅದು. ಮೂರನೆಯದರಲ್ಲಿ ಸಾಬು ತೆರೆಯ ಮೇಲಿರುವುದು ಸ್ವಲ್ಪವೇ ಹೊತ್ತು. ತರಗತಿಯಲ್ಲಿ ಕಾಂಚಿ ಕಡೆಗೆ ಕಣ್ಣು ಹೋದಾಗಲೆಲ್ಲ ಅವರ ಮುಖದಲ್ಲಿ ಆಗುವುದನ್ನು ಗಮನಿಸಿ. ಮೊದಲ ಎರಡು ಚಿತ್ರಗಳಲ್ಲಿ ಆ ಮುಖ ಅಂಥದೊಂದನ್ನು ಮಾಡಿಲ್ಲ, ಮಾಡಬೇಕೆಂದು ಯಾರೂ ಕೇಳಿಯೂ ಇರಲಿಲ್ಲ.